ಕಪ್ಪೆ ನೋಡಲು ಬಂದವರು ಏನು ಮಾತಾಡಿದರು? ಒಂದು ಮ್ಯೂಸಿಯಂ ಮೌಲ್ಯಮಾಪನದ ಪ್ರಕರಣ ಅಧ್ಯಯನ

1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಮ್ಯೂಸಿಯಂನಲ್ಲಿ ಕಪ್ಪೆಗಳ ಬಗ್ಗೆ ಒಂದು ಪ್ರದರ್ಶನ ಇಟ್ಟಿದ್ದರು. ಹೆಸರೂ ಅಷ್ಟೇ, ‘ಫ್ರಾಗ್ಸ್’. ನೋಡಲು ಇಬ್ಬಿಬ್ಬರಾಗಿ ಬಂದವರಲ್ಲಿ 49 ಜೋಡಿಗಳನ್ನು ಬಾಗಿಲಲ್ಲೇ ಕೇಳಿ, ಒಪ್ಪಿಸಿ, ಬಟ್ಟೆಗೆ ಪುಟ್ಟ ವೈರ್‌ಲೆಸ್ ಮೈಕ್ ಸಿಕ್ಕಿಸಿ ಒಳಗೆ ಬಿಟ್ಟರು. ಯಾವ ಕಪ್ಪೆಯ ಮುಂದೆ ನಿಂತರು, ನಿಂತು ಏನು ಮಾತಾಡಿದರು ಅನ್ನೋದೆಲ್ಲ ದಾಖಲಾಯಿತು. ಆಮೇಲೆ ಆ ಮಾತನ್ನೆಲ್ಲ ಬರೆದಿಳಿಸಿಕೊಂಡು, ಒಂದೊಂದಾಗಿ ವಿಂಗಡಿಸಿ, ಇದರಲ್ಲಿ ಕಲಿಕೆ ಎಲ್ಲಿದೆ ಅಂತ ಹುಡುಕಿದರು. ಈ ಅಧ್ಯಯನ ಮಾಡಿದವರು ಆ ಮ್ಯೂಸಿಯಂನಲ್ಲೇ ಸಂದರ್ಶಕರ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಸೂ ಆಲೆನ್. ಅದರ ಪೂರ್ತಿ ವಿವರ 2002ರಲ್ಲಿ ಪ್ರಕಟವಾಯಿತು.

ಮ್ಯೂಸಿಯಂ ಕೆಲಸದಲ್ಲಿ ಮೌಲ್ಯಮಾಪನಕ್ಕೆ ಏನು ಜಾಗ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಈ ಕಪ್ಪೆಗಳ ಪ್ರಕರಣವನ್ನೇ. ‘ಜನ ಇಲ್ಲಿ ಏನಾದರೂ ಕಲಿತರಾ?’ ಅಂತ ಕೇಳೋದು ಸುಲಭ. ಕಲಿತದ್ದನ್ನು ಗುರುತಿಸೋದು ಹೇಗೆ, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನೋದನ್ನು ಅವರು ಎಲ್ಲರಿಗೂ ಕಾಣುವ ಹಾಗೆ, ಬಿಡಿಸಿ ಬಿಡಿಸಿ ಬರೆದಿಟ್ಟರು. ಒಪ್ಪದವರು ‘ಇಲ್ಲಿ ನಾನು ಒಪ್ಪೋದಿಲ್ಲ’ ಅಂತ ಬೆರಳಿಟ್ಟು ತೋರಿಸಬಹುದು. ನನ್ನ ಪ್ರಕಾರ ಮೌಲ್ಯಮಾಪನದಿಂದ ಮ್ಯೂಸಿಯಂಗೆ ಸಿಗುವ ದೊಡ್ಡ ಉಪಕಾರ ಇದೇ. ಕೊನೆಗೆ ಬರುವ ಶೇಕಡಾವಾರು ಅಂಕಿಗಳು ಅದರ ನಂತರದ ಮಾತು.

ನಮ್ಮಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ ನೋಡಿ. ಟಿಕೆಟ್ ಎಷ್ಟು ಹರಿದವು ಅನ್ನೋ ಲೆಕ್ಕ ಇರುತ್ತದೆ. ಎಷ್ಟು ಶಾಲಾ ಬಸ್ ಬಂದವು ಅನ್ನೋದೂ ಗೊತ್ತಿರುತ್ತದೆ. ಹೊರಗೆ ಹೋಗುವ ಬಾಗಿಲ ಹತ್ತಿರ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಅಭಿಪ್ರಾಯ ಪುಸ್ತಕ. ಅದರಲ್ಲಿ ಪುಟಗಟ್ಟಲೆ ‘ತುಂಬಾ ಚೆನ್ನಾಗಿದೆ’, ‘ವೆರಿ ಗುಡ್’, ನಡುವೆ ಒಂದು ‘ಕುಡಿಯುವ ನೀರಿನ ವ್ಯವಸ್ಥೆ ಮಾಡಿ’. ನೀರಿನ ದೂರು ಕೊಟ್ಟವರಿಗೆ ನನ್ನ ನಮಸ್ಕಾರ, ಆ ಪುಸ್ತಕದಲ್ಲಿ ಕೈಗೆ ಸಿಗುವ ಮಾಹಿತಿ ಅದೊಂದೇ. ‘ವೆರಿ ಗುಡ್’ ಓದಿ ಯಾವ ಫಲಕ ಬದಲಾಯಿಸಬೇಕು, ಯಾವ ಬಟನ್ ಯಾರಿಗೂ ಅರ್ಥವಾಗುತ್ತಿಲ್ಲ ಅಂತ ಹೇಗೆ ತಿಳಿಯುತ್ತದೆ?

ಎಕ್ಸ್‌ಪ್ಲೊರೇಟೋರಿಯಂ ಬಗ್ಗೆ ಎರಡು ಮಾತು. ಅದನ್ನು 1969ರಲ್ಲಿ ಶುರು ಮಾಡಿದವರು ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಇದ್ದರಲ್ಲ, ಅವರ ತಮ್ಮ. ಮುಟ್ಟಿ, ತಿರುಗಿಸಿ, ಆಡಿ ನೋಡುವ ಪ್ರಯೋಗಗಳಿಗೆ ಆ ಜಾಗ ಹೆಸರುವಾಸಿ. 2013ರಲ್ಲಿ ಸಮುದ್ರದಂಡೆಯ ಪಿಯರ್ 15 ಎಂಬ ಹಡಗುಕಟ್ಟೆಗೆ ಹೋಯಿತು. ಕಪ್ಪೆಗಳ ಕಾಲಕ್ಕೆ ಇನ್ನೂ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್ ಎಂಬ ಹಳೆಯ ಕಟ್ಟಡದ ದೊಡ್ಡ ಹಾಲ್‌ನಲ್ಲೇ ಇತ್ತು.

ಬೆಳಕು, ಶಬ್ದ, ಕಣ್ಣಿನ ಭ್ರಮೆ ಇಂಥ ಪ್ರಯೋಗಗಳೇ ಜಾಸ್ತಿ ಇದ್ದ ಆ ಮ್ಯೂಸಿಯಂಗೆ ‘ಫ್ರಾಗ್ಸ್’ ಸ್ವಲ್ಪ ಬೇರೆ ಥರದ ಪ್ರಯತ್ನವಾಗಿತ್ತು. ಗಾಜಿನ ಪೆಟ್ಟಿಗೆಗಳಲ್ಲಿ ಜೀವಂತ ಕಪ್ಪೆಗಳು, ನೆಲಗಪ್ಪೆಗಳು. ಬೇರೆಬೇರೆ ಜನ ಕಪ್ಪೆಯ ರೂಪದಲ್ಲಿ ಮಾಡಿಕೊಂಡ ವಸ್ತುಗಳು. ನಕ್ಷೆಗಳು, ಮಕ್ಕಳ ಪುಸ್ತಕದ ತುಣುಕುಗಳು, ವಿಡಿಯೋಗಳು. ಕೈಯಿಂದ ಆಡಿಸಿ ನೋಡುವಂಥವು ಒಂದಷ್ಟು. ಕತ್ತಲಲ್ಲಿ ಕೂತು ರಾತ್ರಿಯ ಕಪ್ಪೆಗಳ ಕೂಗು ಕೇಳುವುದಕ್ಕೇ ಒಂದು ಜಾಗ. ಒಂದೇ ವಿಷಯದ ಸುತ್ತ ಇಷ್ಟೊಂದು ಬಗೆ ಇದ್ದದ್ದೇ ಅಧ್ಯಯನಕ್ಕೆ ಅನುಕೂಲವಾಯಿತು. ಜೀವಂತ ಪ್ರಾಣಿಯ ಮುಂದೆ ಜನ ಆಡುವ ಮಾತಿಗೂ ಓದುವ ಫಲಕದ ಮುಂದೆ ಆಡುವ ಮಾತಿಗೂ ಏನು ವ್ಯತ್ಯಾಸ ಅಂತ ಒಂದೇ ಹಾಲ್‌ನಲ್ಲಿ ನೋಡಬಹುದಲ್ಲ.

ಇನ್ನು ಮೈಕ್ ಯಾಕೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮ್ಯೂಸಿಯಂಗೆ ಬಂದವರನ್ನು ಗಮನಿಸಿ ನೋಡುವ ಕೆಲಸ ತುಂಬ ಹಳೆಯದು. ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಒಬ್ಬರನ್ನು ಪ್ರದರ್ಶನ ಪೆಟ್ಟಿಗೆಗಳ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ್ದರು. ಕೆಳಗಿನ ಸಾಲಿನ ವಸ್ತು ನೋಡಲು ಮನುಷ್ಯ ಎಷ್ಟು ಬಗ್ಗಬೇಕು, ಎಷ್ಟು ಕತ್ತು ತಿರುಚಬೇಕು ಅಂತ ತೋರಿಸಿ, ಇದಕ್ಕೇ ಜನ ಸುಸ್ತಾಗೋದು ಅಂದರು. ಆಮೇಲೆ 1920ರ, 30ರ ದಶಕಗಳಲ್ಲಿ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ರಾಬಿನ್ಸನ್ ಮತ್ತು ಆರ್ಥರ್ ಮೆಲ್ಟನ್ ಗಡಿಯಾರ ಹಿಡಿದು ನಿಂತರು. ಜನ ಒಳಗೆ ಬಂದ ಮೇಲೆ ಹೆಚ್ಚಿನವರು ಬಲಕ್ಕೆ ತಿರುಗುತ್ತಾರೆ, ಒಂದು ಚಿತ್ರದ ಮುಂದೆ ಇಷ್ಟು ಸೆಕೆಂಡು ನಿಲ್ಲುತ್ತಾರೆ, ಇಂಥ ವಿಷಯಗಳು ಆಗ ತಿಳಿದವು. 1998ರಲ್ಲಿ ಮ್ಯೂಸಿಯಂ ಮೌಲ್ಯಮಾಪನ ಮಾಡುವ ಬೆವರ್ಲಿ ಸೆರೆಲ್ ನೂರಕ್ಕೂ ಹೆಚ್ಚು ಪ್ರದರ್ಶನಗಳ ಲೆಕ್ಕ ಒಟ್ಟು ಹಾಕಿ, ಬಹುಪಾಲು ಪ್ರದರ್ಶನಗಳಲ್ಲಿ ಜನ ಸರಾಸರಿ 20 ನಿಮಿಷವೂ ಇರೋದಿಲ್ಲ ಅಂತ ತೋರಿಸಿದರು. ವರ್ಷಗಟ್ಟಲೆ ಕೂತು ಪ್ರದರ್ಶನ ಕಟ್ಟಿದವರಿಗೆ ಇದು ಹೊಟ್ಟೆಗೆ ಗುದ್ದಿದ ಹಾಗಾಗಿರಬೇಕು.

ಆದರೆ ಇವೆಲ್ಲ ಕಾಲಿನ, ಕಣ್ಣಿನ ಲೆಕ್ಕ. ಒಬ್ಬರು ಮೂರು ನಿಮಿಷ ನಿಂತರು ಅಂದರೆ ಅವರು ಮೂರು ನಿಮಿಷ ಯೋಚಿಸಿದರು ಅಂತ ಅಲ್ಲ. ಮೊಬೈಲ್ ನೋಡುತ್ತಿರಬಹುದು, ಕಾಲು ನೋಯುತ್ತಿರಬಹುದು. ಹಾಗಂತ ಹೊರಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದರೆ ಅದೂ ಸರಿಹೋಗೋದಿಲ್ಲ. ರಜೆಯ ದಿನ ಮಗಳನ್ನು ಕರೆದುಕೊಂಡು ಬಂದ ಅಪ್ಪ ಏನು ಪರೀಕ್ಷೆಗೆ ಓದಿಕೊಂಡು ಬಂದಿರುತ್ತಾರಾ? ಆಲೆನ್ ಹಿಡಿದದ್ದು ನಡುವಿನ ದಾರಿ. ಜನ ಮ್ಯೂಸಿಯಂಗೆ ಒಬ್ಬರೇ ಬರೋದು ಕಡಿಮೆ. ಜೊತೆಯವರ ಹತ್ತಿರ ಮಾತಾಡುತ್ತಲೇ ನೋಡುತ್ತಾರೆ. ಆ ಮಾತು ಕಲಿಕೆಯ ಗುರುತೂ ಹೌದು, ಅದೇ ಕಲಿಕೆಯೂ ಹೌದು. ಹಾಗಾದರೆ ಅದನ್ನೇ ಕೇಳಿಸಿಕೊಳ್ಳೋಣ ಅಂತ.

ಜೋಡಿಗಳನ್ನೇ ಆರಿಸಿಕೊಂಡದ್ದಕ್ಕೂ ಕಾರಣ ಊಹಿಸೋದು ಕಷ್ಟವಲ್ಲ. ಇಬ್ಬರ ಮಾತನ್ನು ಬಿಡಿಸಿ ಬರೆದುಕೊಳ್ಳಬಹುದು. ಐದು ಜನರ ಕುಟುಂಬ ಒಟ್ಟಿಗೆ ಮಾತಾಡಿದರೆ ಯಾರು ಏನಂದರು ಅಂತ ದೇವರಿಗೇ ಗೊತ್ತು. ಕೆಲವು ಜೋಡಿಗಳಲ್ಲಿ ಇಬ್ಬರೂ ದೊಡ್ಡವರು, ಕೆಲವದರಲ್ಲಿ ಒಬ್ಬರು ದೊಡ್ಡವರು, ಒಂದು ಮಗು. ಮೈಕ್ ಯಾಕೆ ಅಂತ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು. ಸಂಶೋಧಕರು ದೂರದಿಂದ ಹಿಂಬಾಲಿಸಿ, ಯಾವ ಹೊತ್ತಿನಲ್ಲಿ ಯಾವುದರ ಮುಂದೆ ನಿಂತಿದ್ದಾರೆ ಅಂತ ಗುರುತು ಮಾಡಿಕೊಳ್ಳುತ್ತಿದ್ದರು. ಇದಿಲ್ಲದಿದ್ದರೆ ಧ್ವನಿ ಇದ್ದೂ ಪ್ರಯೋಜನ ಇಲ್ಲ. ‘ಅಯ್ಯೋ, ಇದು ನೋಡು!’ ಅಂತ ಟೇಪಿನಲ್ಲಿ ಕೇಳಿಸುತ್ತದೆ. ಯಾವುದನ್ನು ನೋಡು?

ಈಗ ಅಸಲಿ ಕೆಲಸ. ಬರೆದಿಳಿಸಿದ ಮಾತಿನ ರಾಶಿ ಮುಂದಿದೆ. ಇದರಲ್ಲಿ ಯಾವುದು ಕಲಿಕೆಯ ಮಾತು? ಆಲೆನ್ ಐದು ದೊಡ್ಡ ಗುಂಪು ಮಾಡಿಕೊಂಡರು, ಅವುಗಳ ಒಳಗೆ ಒಟ್ಟು 16 ಚಿಕ್ಕ ಗುಂಪು. ಆ ಗುಂಪುಗಳನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಉದಾಹರಣೆಗಳು ನಾನು ಮಾಡಿಕೊಂಡವು, ಅಲ್ಲಿನ ಟೇಪಿನಿಂದ ಎತ್ತಿದ್ದಲ್ಲ.

ಮೊದಲನೆಯದು ಕಂಡದ್ದನ್ನು ಹೇಳುವ ಮಾತು. ‘ಇದು ಮರಗಪ್ಪೆ’ ಅಂತ ಹೆಸರು ಹೇಳೋದು, ‘ಅದರ ಬೆರಳ ತುದಿ ನೋಡೇ, ಗುಂಡಗಿದೆ’ ಅಂತ ತೋರಿಸೋದು, ಫಲಕದಲ್ಲಿ ಬರೆದದ್ದನ್ನು ಜೋರಾಗಿ ಓದೋದು, ಎಲ್ಲ ಇದರಲ್ಲೇ. ಎರಡನೆಯದು ಅನಿಸಿದ್ದನ್ನು ಹೇಳುವ ಮಾತು. ‘ಎಷ್ಟು ಮುದ್ದಾಗಿದೆ’, ‘ಛೀ, ಅಂಟಂಟು’, ‘ಅಬ್ಬಾ!’ ಇಂಥವು. ಮೂರನೆಯದು ಯೋಚಿಸಿ ಹೇಳುವ ಮಾತು. ‘ಎಲೆ ಬಣ್ಣ ಇರೋದರಿಂದ ಹಾವಿಗೆ ಕಾಣಿಸಲ್ಲ ಅನಿಸುತ್ತೆ’ ಅಂದರೆ ಅದೊಂದು ತರ್ಕ. ‘ಈಗ ಹಾರುತ್ತೆ ನೋಡ್ತಿರು’ ಅಂದರೆ ಊಹೆ. ‘ನನಗೆ ಇದು ಇಷ್ಟು ದಿನ ಗೊತ್ತೇ ಇರಲಿಲ್ಲ’ ಅನ್ನೋದು ತನ್ನ ತಿಳಿವಳಿಕೆಯ ಬಗ್ಗೆಯೇ ಆಡಿದ ಮಾತು. ನಾಲ್ಕನೆಯದು ಜೋಡಿಸುವ ಮಾತು. ‘ಅಜ್ಜಿ ಮನೆ ಬಾವೀಲಿ ಇಂಥದ್ದೇ ಇತ್ತಲ್ಲ’ ಅಂತ ಬದುಕಿಗೆ ಜೋಡಿಸಬಹುದು, ಮೊದಲೇ ತಿಳಿದ ವಿಷಯಕ್ಕೆ ಜೋಡಿಸಬಹುದು, ಆಗಲೇ ನೋಡಿ ಬಂದ ಇನ್ನೊಂದು ಪೆಟ್ಟಿಗೆಗೂ ಜೋಡಿಸಬಹುದು. ಐದನೆಯದು ಬಳಸುವ ಬಗ್ಗೆ ಮಾತು. ‘ಈ ಬಟನ್ ಒತ್ತಬೇಕಂತೆ’, ‘ನಾವು ತಪ್ಪು ಮಾಡ್ತಿದೀವಿ ಕಣೋ’ ಅನ್ನುವಂಥದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಛೀ, ಅಂಟಂಟು’ ಅನ್ನೋದು ಕಲಿಕೆಯಾ? ಹಳೇ ಮೇಷ್ಟರನ್ನು ಕೇಳಿದರೆ ಇಲ್ಲ ಅನ್ನುತ್ತಾರೆ. ಆಲೆನ್ ಹೌದು ಅಂತ ಹಿಡಿದರು. ಮ್ಯೂಸಿಯಂ ಶಾಲೆ ಅಲ್ಲ, ಬೆರಗು ಅಸಹ್ಯ ಕುತೂಹಲ ಎಲ್ಲ ಸೇರಿಯೇ ಅಲ್ಲಿ ಮನಸ್ಸು ತೊಡಗುವುದು ಅನ್ನೋ ನಿಲುವು. ನನಗಿದು ಒಪ್ಪಿಗೆ. ಹಾಗಂತ ಎಲ್ಲ ಮಾತನ್ನೂ ಒಳಗೆ ಬಿಟ್ಟುಕೊಂಡಿಲ್ಲ. ‘ಊಟಕ್ಕೆ ಎಲ್ಲಿ ಹೋಗೋಣ’, ‘ಬಾತ್‌ರೂಮ್ ಎಲ್ಲಿದೆ’ ಥರದವು ಲೆಕ್ಕಕ್ಕಿಲ್ಲ. ‘ಬಾ, ಮುಂದೆ ಹೋಗೋಣ’ ಅನ್ನೋದಂತೂ ಇಲ್ಲವೇ ಇಲ್ಲ. ಇನ್ನೊಂದು ವಿಷಯ. ಒಂದು ಪೆಟ್ಟಿಗೆಯ ಮುಂದೆ ಒಂದು ಬಗೆಯ ಮಾತು ಎಷ್ಟು ಸಲ ಬಂತು ಅಂತ ಅವರು ಎಣಿಸಲಿಲ್ಲ. ಬಂತಾ, ಇಲ್ವಾ, ಅಷ್ಟೇ. ವಾಚಾಳಿ ಜೋಡಿಯೊಂದು ಇಡೀ ಲೆಕ್ಕವನ್ನು ತನ್ನ ಕಡೆ ಎಳೆದುಕೊಳ್ಳಬಾರದಲ್ಲ.

ಫಲಿತಾಂಶಕ್ಕೆ ಬರೋಣ. ಜನ ನಿಂತ ಕಡೆಗಳಲ್ಲಿ 83% ಕಡೆ ಯಾವುದಾದರೂ ಒಂದು ಬಗೆಯ ಕಲಿಕೆಯ ಮಾತು ಸಿಕ್ಕಿತು. ಬಿಡಿಸಿ ನೋಡಿದರೆ (ಒಂದೇ ಕಡೆ ಒಂದಕ್ಕಿಂತ ಹೆಚ್ಚು ಬಗೆಯ ಮಾತು ಬರಬಹುದು), ಕಂಡದ್ದನ್ನು ಹೇಳುವ ಮಾತು 70%, ಅನಿಸಿದ್ದನ್ನು ಹೇಳುವ ಮಾತು 57%, ಯೋಚಿಸಿ ಹೇಳುವ ಮಾತು 56%. ಜೋಡಿಸುವ ಮಾತು 23% ಮಾತ್ರ. ಬಳಸುವ ಬಗೆಯ ಮಾತು 6%. ಜೋಡಿಗಳು ಒಳಗೆ ಕಳೆದ ಸಮಯ ಸರಾಸರಿ ಸುಮಾರು 25 ನಿಮಿಷ.

ಹಣ ಕೊಟ್ಟವರಿಗೆ ತೋರಿಸಲು 83% ಒಳ್ಳೆಯ ಅಂಕಿ. ನನಗೆ ಅದು ಅಷ್ಟೇನೂ ದೊಡ್ಡದು ಅನಿಸೋದಿಲ್ಲ, ಯಾಕಂದರೆ ‘ಮುದ್ದಾಗಿದೆ’ ಅಂದರೂ ಸಾಕಲ್ಲ. ನನ್ನ ಗಮನ ಹೋಗೋದು 56ರ ಕಡೆಗೆ ಮತ್ತು 23ರ ಕಡೆಗೆ. ಯಾರೂ ಒತ್ತಾಯ ಮಾಡದೆ, ಯಾರೂ ಪ್ರಶ್ನೆ ಕೇಳದೆ, ನಿಂತ ಕಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಜನ ‘ಯಾಕಿರಬಹುದು’, ‘ಹೀಗಿರಬೇಕು’ ಅಂತ ಯೋಚಿಸಿದರು ಅನ್ನೋದು ಸಣ್ಣ ಮಾತಲ್ಲ. ರಜಾದಿನದ ಜನರಿಗೆ ತಲೆ ಓಡಿಸೋಕೆ ಇಷ್ಟವಿಲ್ಲ, ಬರೀ ಮಜಾ ಬೇಕು ಅಂತ ಹೇಳುವವರು ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಇದನ್ನು ಓದಿಸಬೇಕು.

23% ಬೇರೆ ಕಥೆ. ಮ್ಯೂಸಿಯಂ ಕಟ್ಟುವವರ ಬಾಯಲ್ಲಿ ಯಾವಾಗಲೂ ಬರುವ ಮಾತೊಂದಿದೆ: ಜನ ತಮಗೆ ಮೊದಲೇ ಗೊತ್ತಿರೋದಕ್ಕೆ ಹೊಸದನ್ನು ಜೋಡಿಸಿಕೊಂಡು ಕಲಿಯುತ್ತಾರೆ. ಹಾಗಿದ್ದರೆ ಆ ಜೋಡಣೆ ಮಾತಿನಲ್ಲಿ ಹೆಚ್ಚಾಗಿ ಕೇಳಿಸಬೇಕಿತ್ತು. ಕೇಳಿಸಲಿಲ್ಲ. ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಜೋಡಿಸಿಕೊಂಡಿರಬಹುದು, ನಿಜ. ಹೆಂಡತಿಗೆ ಗೊತ್ತಿರುವ ವಿಷಯವನ್ನೇ ಗಂಡ ಮತ್ತೆ ಯಾಕೆ ಹೇಳುತ್ತಾನೆ? ಆದರೂ ಈ 23% ಅನ್ನೋ ಅಂಕಿ ಮೂರು ಬಗೆಯ ಜೋಡಣೆಗೂ ಸೇರಿ ಬಂದದ್ದು. ಒಂದು ಪೆಟ್ಟಿಗೆಯನ್ನು ಇನ್ನೊಂದರ ಜೊತೆ ಹೋಲಿಸುವ ಮಾತು ಅದರಲ್ಲಿ ಒಂದು ಪಾಲು ಅಷ್ಟೇ. ‘ನಮ್ಮ ಪ್ರದರ್ಶನಕ್ಕೆ ಒಂದು ದೊಡ್ಡ ಕಥಾವಸ್ತು ಇದೆ, ಜನ ಅದನ್ನು ಒಂದರಿಂದ ಇನ್ನೊಂದಕ್ಕೆ ಹಿಡಿದುಕೊಂಡು ಹೋಗುತ್ತಾರೆ’ ಅಂತ ವಿನ್ಯಾಸಕಾರರು ನಂಬಿರುತ್ತಾರಲ್ಲ, ಆ ನಂಬಿಕೆಗೆ ಈ ಅಂಕಿಯಿಂದ ಹೆಚ್ಚು ಬಲ ಸಿಗೋದಿಲ್ಲ. ಜನ ಒಂದು ಪೆಟ್ಟಿಗೆ ಮುಂದೆ ಪೂರ್ತಿ ಇರುತ್ತಾರೆ, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ.

ಬಳಸುವ ಬಗೆಯ 6% ನೋಡಿ ಗಾಬರಿಯಾಗಬೇಕಿಲ್ಲ. ಹೆಚ್ಚಿನವು ನೋಡುವಂಥವು, ಓದುವಂಥವು. ಗಾಜಿನ ಹಿಂದೆ ಕೂತ ಕಪ್ಪೆಯನ್ನು ‘ಹೇಗೆ ಬಳಸೋದು’ ಅಂತ ಯಾರು ಕೇಳುತ್ತಾರೆ?

ಈಗ ಕೊರತೆಗಳು. ಮೈಕ್ ಹಾಕಿಕೊಂಡವರಿಗೆ ತಮ್ಮನ್ನು ಯಾರೋ ಕೇಳುತ್ತಿದ್ದಾರೆ ಅಂತ ಗೊತ್ತು. ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಹುದು, ಸ್ವಲ್ಪ ಹುಷಾರಾಗಿ ಮಾತಾಡಬಹುದು, ಮಗುವಿಗೆ ಒಂದು ಪ್ರಶ್ನೆ ಜಾಸ್ತಿ ಕೇಳಬಹುದು. ಹಾಗಾಗಿ ಇಲ್ಲಿನ 25 ನಿಮಿಷವನ್ನು ಸೆರೆಲ್ ಅವರ 20 ನಿಮಿಷದ ಪಕ್ಕ ಇಟ್ಟು ‘ನಾವೇ ಮೇಲು’ ಅನ್ನೋದು ತಪ್ಪಾಗುತ್ತದೆ. ಒಪ್ಪಿಕೊಂಡವರಷ್ಟೇ ಅಧ್ಯಯನದಲ್ಲಿ ಇದ್ದಾರೆ, ಒಪ್ಪದವರು ಇಲ್ಲ. ಒಬ್ಬರೇ ಬಂದವರು ಇಲ್ಲ, ದೊಡ್ಡ ಗುಂಪಿನಲ್ಲಿ ಬಂದವರೂ ಇಲ್ಲ. ಒಂದು ಕಪ್ಪೆಯ ಮುಂದೆ ಮಾತೇ ಇಲ್ಲದೆ ನಿಂತವರ ತಲೆಯಲ್ಲಿ ಏನಿತ್ತೋ, ಅದು ಈ ಲೆಕ್ಕದಲ್ಲಿ ಸೊನ್ನೆ. ನನಗಂತೂ ಇದು ಸ್ವಲ್ಪ ಕಸಿವಿಸಿ, ಯಾಕಂದರೆ ನಾನು ಸುಮ್ಮನೆ ನಿಂತು ನೋಡುವ ಪೈಕಿ.

ನನ್ನ ದೊಡ್ಡ ತಕರಾರು ಇರೋದು ಫಲಕ ಜೋರಾಗಿ ಓದುವುದನ್ನು ಎಲ್ಲಿಗೆ ಸೇರಿಸಿದರು ಅನ್ನೋದರ ಮೇಲೆ. ಅದನ್ನು ಮೊದಲ ಗುಂಪಿಗೆ, ಅಂದರೆ ಕಂಡದ್ದನ್ನು ಹೇಳುವ ಮಾತಿಗೆ ಹಾಕಿದ್ದಾರೆ. ಒಂದೇ ಭಾಷೆಯ ಜೋಡಿಗೆ ಅದು ಸರಿ ಇರಬಹುದು. ಇದೇ ಅಧ್ಯಯನವನ್ನು ಬೆಂಗಳೂರಿನಲ್ಲಿ ಮಾಡಿ ನೋಡಿ. ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹಳ್ಳಿಯಿಂದ ಬಂದ ಒಂದು ಕುಟುಂಬ ಅಂದುಕೊಳ್ಳಿ. ಫಲಕದ ಇಂಗ್ಲಿಷ್ ಸಾಲುಗಳನ್ನು ಏಳನೇ ಕ್ಲಾಸಿನ ಹುಡುಗ ಓದಿಕೊಳ್ಳುತ್ತಾನೆ. ಆಮೇಲೆ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾನೆ. ಹೇಳುವಾಗ ಅರ್ಧ ಬಿಡುತ್ತಾನೆ, ತನಗೆ ಗೊತ್ತಿರೋದನ್ನು ಸೇರಿಸುತ್ತಾನೆ, ‘ನಮ್ಮ ಪಂಪ್‌ಸೆಟ್ ಇಲ್ವಾ, ಹಂಗೇ ಅಜ್ಜಿ’ ಅನ್ನುತ್ತಾನೆ. ಇದು ಬರೀ ಓದಿದ್ದಾ? ಇದರಲ್ಲಿ ತರ್ಕ ಇದೆ, ಬದುಕಿನ ಜೋಡಣೆ ಇದೆ, ಅಜ್ಜಿಗೆ ಏನು ಗೊತ್ತು ಏನು ಗೊತ್ತಿಲ್ಲ ಅನ್ನೋ ಅಂದಾಜೂ ಇದೆ. ಅಲ್ಲಿನ ಗುಂಪುಗಳನ್ನು ಹಾಗೇ ತಂದು ಇಲ್ಲಿ ಹಾಕಿದರೆ ಆ ಹುಡುಗ ಮಾಡಿದ ಕೆಲಸ ಅರ್ಧ ಮುಳುಗಿಹೋಗುತ್ತದೆ. ಜೊತೆಗೆ ನಮ್ಮ ಟೇಪಿನಲ್ಲಿ ಒಂದೇ ವಾಕ್ಯದೊಳಗೆ ಕನ್ನಡ, ಇಂಗ್ಲಿಷ್, ಉರ್ದು, ತೆಲುಗು ಎಲ್ಲ ಬರಬಹುದು. ಬರೆದಿಳಿಸುವವರಿಗೆ ಅಷ್ಟೂ ಬರಬೇಕು.

ಜೋಡಿಸುವ ಮಾತೂ ನಮ್ಮಲ್ಲಿ 23ರಲ್ಲೇ ನಿಲ್ಲುತ್ತಿತ್ತಾ ಅಂತ ನನಗೆ ಅನುಮಾನ. ಕಪ್ಪೆ ಅಂದ ಕೂಡಲೇ ಮಳೆ ಬಾರದಾಗ ಮಾಡುವ ಕಪ್ಪೆ ಮದುವೆ ಯಾರಿಗೆ ನೆನಪಾಗೋದಿಲ್ಲ? ಇಲ್ಲಿ ಇಂಥ ಪ್ರದರ್ಶನ ಇಡೋದಾದರೆ ಸರಕಿಗೂ ಬರವಿಲ್ಲ. ಪಶ್ಚಿಮ ಘಟ್ಟದ ಕುಂಬಾರ ಕಪ್ಪೆಯನ್ನೇ ತಗೊಳ್ಳಿ, 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದದ್ದು. ಗಂಡು ಕಪ್ಪೆ ಕೈಯಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದರ ವಿಡಿಯೋ ಮುಂದೆ ನಮ್ಮ ಜನ ಏನಂತಾರೆ ಅಂತ ಕೇಳೋಕೆ ನನಗೆ ತುಂಬ ಆಸೆ.

ಎಕ್ಸ್‌ಪ್ಲೊರೇಟೋರಿಯಂನಲ್ಲಿ ಈ ಕೆಲಸ ಕಪ್ಪೆಗಳಿಗೇ ಮುಗಿಯಲಿಲ್ಲ. ಅದೇ ಹೊತ್ತಿನಲ್ಲಿ ಜನ ಹೆಚ್ಚು ಹೊತ್ತು ನಿಂತು ತಾವೇ ಪ್ರಶ್ನೆ ಹಾಕಿಕೊಂಡು ಆಡುವಂಥ ಪ್ರಯೋಗಗಳನ್ನು ಕಟ್ಟುವ ಇನ್ನೊಂದು ಯೋಜನೆಯೂ ಅಲ್ಲಿ ನಡೆಯಿತು. ಕಟ್ಟುವವರೂ ಮೌಲ್ಯಮಾಪನ ಮಾಡುವವರೂ ಒಟ್ಟಿಗೆ ಕೂತು, ಅರ್ಧಂಬರ್ಧ ಮಾದರಿಯನ್ನೇ ಜನರ ಮುಂದಿಟ್ಟು, ನೋಡಿ, ತಿದ್ದಿ, ಮತ್ತೆ ಇಟ್ಟರು. ಹಾಗೆ ತಯಾರಾದವುಗಳ ಮುಂದೆ ಜನ ಸರಾಸರಿ 3.3 ನಿಮಿಷ ನಿಂತರು. ಮೊದಲಿನ ಶೈಲಿಯ, ‘ಇಷ್ಟು ಮಾಡಿ, ಇದನ್ನು ಗಮನಿಸಿ’ ಅನ್ನುವಂಥವುಗಳ ಮುಂದೆ 1.1 ನಿಮಿಷ. ಆಮೇಲೆ 2010ರ ಹೊತ್ತಿಗೆ ಆಲೆನ್ ಮತ್ತು ಅಲ್ಲಿನ ಇನ್ನೊಬ್ಬ ಸಂಶೋಧಕ ಜೋಶುವಾ ಗಟ್‌ವಿಲ್, ಬಂದ ಕುಟುಂಬಗಳಿಗೆ ಒಂದು ಚಿಕ್ಕ ಆಟವನ್ನೇ ಕಲಿಸಿ ನೋಡಿದರು: ಆಡಿ ನೋಡಿಯೇ ಉತ್ತರ ಹುಡುಕಬಹುದಾದ ಒಂದು ಒಳ್ಳೆಯ ಪ್ರಶ್ನೆಯನ್ನು ಮೊದಲು ನೀವೇ ಮಾಡಿಕೊಳ್ಳಿ ಅಂತ. ಆಟ ಕಲಿತ ಕುಟುಂಬಗಳು ಆಮೇಲೆ ತಾವಾಗಿಯೇ ಹೆಚ್ಚು ಚೆನ್ನಾಗಿ ಹುಡುಕಾಡಿದವು.

ಈ ಪ್ರಕರಣ ಹೇಳಿದಾಗಲೆಲ್ಲ ಬರುವ ಮರುಪ್ರಶ್ನೆ ಒಂದೇ: ‘ನಮಗೆ ಅಷ್ಟು ದುಡ್ಡು ಎಲ್ಲಿದೆ ಸ್ವಾಮಿ?’ ನ್ಯಾಯವಾದ ಪ್ರಶ್ನೆ. ಧ್ವನಿ ಬರೆದಿಳಿಸೋಕೆ ಮಾತಾಡಿದ್ದಕ್ಕಿಂತ ಎಷ್ಟೋ ಪಟ್ಟು ಸಮಯ ಹಿಡಿಯುತ್ತದೆ, ಅದನ್ನು ವಿಂಗಡಿಸೋಕೆ ಇನ್ನಷ್ಟು. ಜಿಲ್ಲಾ ಮಟ್ಟದ ಒಂದು ಚಿಕ್ಕ ಮ್ಯೂಸಿಯಂಗೆ ಅದು ಆಗದ ಕೆಲಸ. ಆದರೆ ಮೈಕ್ ಇಲ್ಲದೆಯೂ ಸ್ವಲ್ಪ ಮಾಡಬಹುದು. ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ. ಇಲ್ಲಿ ಮಾತು ಕೇಳಿಸಿಕೊಳ್ಳುತ್ತಿದ್ದೇವೆ ಅಂತ ಒಂದು ಬೋರ್ಡ್ ಹಾಕಿ, ಮುಚ್ಚಿಡಬೇಡಿ. ಒಂದೇ ಒಂದು ವಸ್ತುವಿನ ಪಕ್ಕ ಒಂದು ಭಾನುವಾರ ಮಧ್ಯಾಹ್ನ ನಿಂತುಕೊಳ್ಳಿ. ಯಾವ ಬಗೆಯ ಮಾತು ಬಂತೋ ಅಲ್ಲಿ ಗೀಟು ಹಾಕಿ. ಯಾರ ಹೆಸರೂ ಬೇಡ. ಜೊತೆಗೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಅವರೂ ಬೇರೆ ಹಾಳೆಯಲ್ಲಿ ಗೀಟು ಹಾಕಲಿ. ಸಂಜೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟರೆ ಖಂಡಿತ ಹೊಂದೋದಿಲ್ಲ. ‘ಇದನ್ನು ನೀನು ಯೋಚನೆ ಅಂತ ಯಾಕೆ ಹಾಕಿದೆ? ಹುಡುಗಿ ಸುಮ್ನೆ ಓದಿದ್ದಲ್ವಾ?’ ಅಂತ ಜಗಳ ಶುರುವಾಗುತ್ತದೆ. ಆ ಜಗಳಕ್ಕೆ ಫಲಕ ಬರೆದವರನ್ನೂ ಕರೆಯಿರಿ.